ಬಂದೆಕ್ಕನ ಚೀಲ

ಯಾರಾದರೂ ಕರೆದರೆ ಎಲ್ಲರೂ "ಬಂದೆ" ಅನ್ನುತ್ತಾರೆ. ಅಂದವರು ಬಂದಿರುವುದಿಲ್ಲ. ಒಲೆಯ ಮುಂದೆಯೋ ಕನ್ನಡಿಯ ಮುಂದೆಯೋ ಇದ್ದಲ್ಲೇ ಇದ್ದು, ಬಾಯನ್ನು ಮಾತ್ರ ಮುಂದೆ ಕಳಿಸಿರುತ್ತಾರೆ. ಕಾಲು ಆಮೇಲೆ ಯಾವಾಗಲೋ ಬರುತ್ತದೆ. ಆ ಮೂರಂತಸ್ತಿನ ಕಟ್ಟಡದಲ್ಲಿ ಬಂದೆ ಅಂದರೆ ಬಂದೇ ಬಿಟ್ಟಿರುತ್ತಿದ್ದವಳು ಒಬ್ಬಳೇ. ಅವಳ ಮಾತು ಮೆಟ್ಟಿಲಿನಲ್ಲಿ ಕೇಳಿಸುವಷ್ಟರಲ್ಲಿ ಅವಳ ಸೆರಗು ಬಾಗಿಲಲ್ಲಿ ಕಾಣುತ್ತಿತ್ತು. ದೀಕ್ಷಾಸ್ನಾನದ ದಿನ ಇಟ್ಟ ಹೆಸರೊಂದಿತ್ತು, ಆದರೆ ಅದನ್ನು ಕೂಗಿದರೆ ಅವಳೇ ತಿರುಗಿ ನೋಡುತ್ತಿರಲಿಲ್ಲ. ಎಲ್ಲರಿಗೂ ಅವಳು ಬಂದೆಕ್ಕ.

ಕಾಲಿಗೆ ಚಕ್ರ ಕಟ್ಟಿಕೊಂಡು ಹುಟ್ಟಿದವಳು. ಕೂತರೆ ಮುಳ್ಳಿನ ಮೇಲೆ ಕೂತಂತೆ, ಮಲಗಿದರೆ ಒಂದು ಕಿವಿ ಬಾಗಿಲ ಕಡೆಗೆ. ಚಿಕ್ಕವಳಿದ್ದಾಗ ಭಾನುವಾರದ ಪಾಠದಲ್ಲಿ ಒಂದು ಕಥೆ ಕೇಳಿದ್ದಳು. ಯಜಮಾನ ಮದುವೆಗೆ ಹೋಗಿದ್ದಾನೆ, ಯಾವ ಹೊತ್ತಿಗೆ ಬಂದು ಬಾಗಿಲು ತಟ್ಟುತ್ತಾನೋ ಗೊತ್ತಿಲ್ಲ, ಆಳುಗಳು ಸೊಂಟ ಕಟ್ಟಿಕೊಂಡು, ದೀಪ ಹಚ್ಚಿಕೊಂಡು ಕಾದಿರಬೇಕು. ಬೇರೆ ಮಕ್ಕಳಿಗೆ ಆ ಮಾತು ಕಿವಿಗೆ ಬಿತ್ತು, ಇವಳಿಗೆ ಕಾಲಿಗೆ ಬಿತ್ತು. ದೊಡ್ಡವಳಾದ ಮೇಲೆ ಅದಕ್ಕೆ ತನ್ನದೇ ಅರ್ಥವನ್ನೂ ಹಚ್ಚಿಕೊಂಡಳು. ಸ್ವಾಮಿ ಬರುವಾಗ ಕಹಳೆ ಊದಿಸಿಕೊಂಡೇ ಬರುತ್ತಾನೆ ಅಂತ ಏನು ಗ್ಯಾರಂಟಿ? ಜ್ವರ ಬಂದ ಮಗುವಿನ ತಾಯಿಯಾಗಿ ಬಂದಾನು, ಹಾಸಿಗೆ ಹಿಡಿದ ಮುದುಕನ ಕೆಮ್ಮಾಗಿ ಬಂದಾನು. ತಟ್ಟಿದ ಬಾಗಿಲು ತೆರೆಯಬೇಕು, ಅಷ್ಟೆ. ಬೆಳಗಿನ ಪ್ರಾರ್ಥನೆಯೂ ಅದಕ್ಕೆ ತಕ್ಕಂತೆ. ಒಂದು ಕಾಲು ಚಪ್ಪಲಿಯಲ್ಲಿ, ಇನ್ನೊಂದು ಹೊಸ್ತಿಲ ಮೇಲೆ, ಕಣ್ಣು ಮುಚ್ಚಿ, "ಸ್ವಾಮಿ, ಬಂದೆ." ಆಮೆನ್ ಹೇಳುವಾಗ ಮೆಟ್ಟಿಲಿಳಿಯುತ್ತಿರುತ್ತಿದ್ದಳು. ಆರಾಧನೆಯಲ್ಲೂ ಬಾಗಿಲ ಪಕ್ಕದ ಕೊನೆಯ ಬೆಂಚೇ ಅವಳದು.

ಬಾಗಿಲ ಹಿಂದಿನ ಮೊಳೆಗೆ ಒಂದು ಕ್ಯಾನ್‌ವಾಸ್ ಚೀಲ ತೂಗುತ್ತಿತ್ತು. ಅದರಲ್ಲಿ ಒಗೆದ ದುಪ್ಪಟಿ, ಸೋಪು, ಟವೆಲು, ಬಾಚಣಿಗೆ, ಹತ್ತಿ, ಕತ್ತರಿ, ಒಂದು ಲೋಟ. ತಳದಲ್ಲಿ, ನಾಲ್ಕು ಮಡಿಕೆ ಮಾಡಿದ ಬಿಳಿ ಬಟ್ಟೆ. ಉಸಿರು ನಿಂತವರ ಮೈ ತೊಳೆದ ಮೇಲೆ ಹೊದಿಸುವ ಬಟ್ಟೆ ಅದು. ಒಂದು ಖರ್ಚಾದರೆ ಮಾರನೆಯ ದಿನವೇ ಇನ್ನೊಂದು ಅದೇ ಜಾಗಕ್ಕೆ ಬರುತ್ತಿತ್ತು. ಹುಟ್ಟಿಗೂ ಅದೇ ಚೀಲ, ಸಾವಿಗೂ ಅದೇ ಚೀಲ. ಕರೆ ಬಂತೆಂದರೆ ಚೀಲ ಹೆಗಲಿಗೆ, ಕಾಲು ಮೆಟ್ಟಿಲಿಗೆ.

ಕಟ್ಟಡದ ಮೇಲಿನ ಅಂತಸ್ತಿನಲ್ಲಿ ಅವಳ ಜೊತೆಗಿದ್ದವಳು ಓರಗಿತ್ತಿ, ಗಂಡನ ತಮ್ಮನ ಹೆಂಡತಿ. ಅಣ್ಣತಮ್ಮಂದಿರಿಬ್ಬರೂ ತೀರಿಕೊಂಡು ಹೆಂಗಸರಿಬ್ಬರೂ ಉಳಿದಿದ್ದರು. ದೇವರು ಒಬ್ಬಳನ್ನು ಮಾಡುವಾಗ ಅವಸರದಲ್ಲಿದ್ದ, ಇನ್ನೊಬ್ಬಳನ್ನು ಮಾಡುವಾಗ ಆಕಳಿಸುತ್ತಿದ್ದ ಅಂತ ಕಟ್ಟಡದವರು ನಗುತ್ತಿದ್ದರು. ಓರಗಿತ್ತಿಯೂ ಕರೆದರೆ "ಬಂದೆ" ಅನ್ನುತ್ತಿದ್ದಳು. ಆದರೆ ಅವಳು ಬರುವ ಹೊತ್ತಿಗೆ ಒಲೆ ಹಚ್ಚಿ, ಅನ್ನ ಬೇಯಿಸಿ, ಊಟ ಮಾಡಿ, ತಟ್ಟೆ ತೊಳೆದಿಡಬಹುದಿತ್ತು.

ಇಬ್ಬರೂ ಹಿಂದಿನ ಬೀದಿಯ ಲಾಂಡ್ರಿಯಲ್ಲಿ ಕೆಲಸ ಮಾಡುತ್ತಿದ್ದರು. ಆಸ್ಪತ್ರೆಯ ಹಾಸಿಗೆ ದುಪ್ಪಟಿಗಳು ಅಲ್ಲಿಗೇ ಬರುತ್ತಿದ್ದವು. ದುಪ್ಪಟಿ ಮಡಚುವುದು ಇಬ್ಬರ ಕೆಲಸ. ಆ ತುದಿ ಒಬ್ಬಳು, ಈ ತುದಿ ಒಬ್ಬಳು ಹಿಡಿದು, ಎಳೆದು, ಒದರಿ, ಎದುರುಬದುರು ನಡೆದು ತುದಿಗೆ ತುದಿ ಕೂಡಿಸಬೇಕು. ಬಂದೆಕ್ಕ ಆ ತುದಿಯಿಂದ ಹೊರಟರೆ ಓರಗಿತ್ತಿ ಇನ್ನೂ ಮೂಲೆ ಹುಡುಕುತ್ತಿರುತ್ತಿದ್ದಳು.

"ಏನೇ, ಮೂಲೆ ಸಿಕ್ತಾ, ಇಲ್ಲ ಪೊಲೀಸರಿಗೆ ಹೇಳ್ಬೇಕಾ?"

"ಅಂಚು ಕೂಡ್ಬೇಕಲ್ಲ ಅಕ್ಕ. ಸೊಟ್ಟ ಮಡಚಿದ್ರೆ ಮಲಗೋರ ಬೆನ್ನಿಗೆ ಒತ್ತುತ್ತೆ."

"ಅಷ್ಟರಲ್ಲಿ ಮಲಗೋರು ವಾಸಿಯಾಗಿ ಮನೆಗೆ ಹೋಗಿರ್ತಾರೆ."

ನಡುವಿನ ಅಂತಸ್ತಿನ ಮನೆಯಲ್ಲಿ ಲಾರಿ ಡ್ರೈವರನ ಹೆಂಡತಿ ಇದ್ದಳು. ಇನ್ನೂ ಹುಡುಗಿ. ತಾಯಿ ಇಲ್ಲ, ಗಂಡ ತಿಂಗಳಲ್ಲಿ ಹೆಚ್ಚು ದಿನ ದಾರಿಯ ಮೇಲೆ. ಚೊಚ್ಚಲು. ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ ಜೊತೆಗೆ ಒಬ್ಬ ಹೆಂಗಸನ್ನು ಬಿಡುತ್ತಾರೆ ಅಂತ ಕೇಳಿದಾಗಿನಿಂದ ಅವಳಿಗೆ ಒಂದೇ ಚಿಂತೆ, ಆ ಒಬ್ಬಳು ಯಾರು ಅಂತ. ಒಂದು ದಿನ ಮೇಲೆ ಬಂದು, ಸೆರಗಿನ ತುದಿ ತಿರುಚುತ್ತಾ ನಿಂತಳು.

"ದೊಡ್ಡಮ್ಮ, ನಾನು ಅಲ್ಲಿ ಒಬ್ಬಳೇ ಕಿರುಚ್ಕೊಂಡು ಮಲಗ್ಬೇಕಾ?"

"ಹುಚ್ಚಿ, ನಾನು ಸತ್ತಿದ್ದೀನಾ? ಮೆಟ್ಟಿಲ ಕಂಬಿಗೆ ಸೌಟಲ್ಲಿ ಬಡಿ. ಆ ಸದ್ದು ನಿಲ್ಲೋದರೊಳಗೆ ನಿನ್ನ ಬಾಗಿಲಲ್ಲಿರ್ತೀನಿ. ಮಗು ಹೊರಗೆ ಬರೋ ತನಕ ಕೈ ಬಿಡಲ್ಲ. ಇದು ನನ್ನ ಮಾತು."

ಹುಡುಗಿ ಅಂದು ರಾತ್ರಿ ಚೆನ್ನಾಗಿ ನಿದ್ದೆ ಮಾಡಿದಳಂತೆ. ಆಮೇಲೆ ಕಟ್ಟಡದ ಯಾವ ಮನೆಯಲ್ಲಿ ಸೌಟು ಪಾತ್ರೆಗೆ ತಗುಲಿದರೂ ಬಂದೆಕ್ಕ ಎದ್ದು ನಿಲ್ಲುತ್ತಿದ್ದಳು.

ಹಾಗಿರುವಾಗ ಕಟ್ಟಡದ ಯಜಮಾನ ಮಾಳಿಗೆಗೆ ಹೊಸದೊಂದು ಒಗೆಯುವ ಕಲ್ಲು ಹಾಕಿಸಲು ಮನಸ್ಸು ಮಾಡಿದ. ಆಳುಗಳು ಆ ಭಾರದ ಕಲ್ಲನ್ನು ಹಗ್ಗಕ್ಕೆ ಕಟ್ಟಿ ಇಕ್ಕಟ್ಟಿನ ಮೆಟ್ಟಿಲಲ್ಲಿ ಹತ್ತಿಸುತ್ತಿದ್ದರು. ಎದುರಿಗೆ ಯಾರೂ ಬರದಿರಲಿ ಅಂತ ಮುಂದಿನವನು ಕೂಗುತ್ತಿದ್ದ: "ಬಂಡೆ, ಬಂಡೆ!" ಮೇಲೆ ಬಂದೆಕ್ಕ ತಲೆ ಬಾಚುತ್ತಿದ್ದಳು. ಅವಳ ಕಿವಿಗೆ ಬಿದ್ದದ್ದು ತನ್ನ ಹೆಸರು. ಯಾರೋ ಏದುಸಿರು ಬಿಡುತ್ತಾ ಕೂಗುತ್ತಿದ್ದಾರೆ. ಹುಡುಗಿಗೆ ಏನಾಯಿತೋ. "ಬಂದೆ, ಬಂದೆ" ಅನ್ನುತ್ತಾ ಬಾಚಣಿಗೆ ತಲೆಯಲ್ಲೇ ಬಿಟ್ಟು ಓಡಿದಳು. ಆಳು ಇನ್ನೂ ಜೋರಾಗಿ "ಬಂಡೆ" ಅಂದ. ಅವಳು ಇನ್ನೂ ಜೋರಾಗಿ "ಬಂದೆ" ಅಂದಳು. ತಿರುವಿನಲ್ಲಿ ಎರಡೂ ಸಂಧಿಸಿದವು.

ಪಾದದ ಗೆಣ್ಣು ಮುರಿಯಿತು. ಮೊಣಕಾಲಿನ ತನಕ ಪ್ಲಾಸ್ಟರ್ ಹಾಕಿ, ನೆಲಕ್ಕೆ ಕಾಲೂರಿದರೆ ಮತ್ತೆ ಮುರಿದು ಜೋಡಿಸಬೇಕಾಗುತ್ತದೆ ಅಂತ ಡಾಕ್ಟರು ಹೆದರಿಸಿ ಕಳಿಸಿದರು. ಕಟ್ಟಡಕ್ಕೆ ಮರುಕವೂ ಆಯಿತು, ನಗುವೂ ತಡೆಯಲಾಗಲಿಲ್ಲ. ಕೆಳಮನೆಯ ದರ್ಜಿ, ಬಾಯಲ್ಲಿ ಸೂಜಿ ಕಚ್ಚಿಕೊಂಡೇ ಹೇಳಿದ, "ಬಂದೆಗೂ ಬಂಡೆಗೂ ಒಂದೇ ಅಕ್ಷರ ವ್ಯತ್ಯಾಸ. ಆ ಅಕ್ಷರ ಕಾಲಿಗೆ ಬಿತ್ತು."

ಮಂಚ ಕಿಟಕಿಯ ಪಕ್ಕಕ್ಕೆ ಬಂತು. ಬಂದೆಕ್ಕನಿಗೆ ಅದು ಮಂಚವಲ್ಲ, ಬೋನು. ಸದ್ದುಗಳೆಲ್ಲ ಅವಳ ಹತ್ತಿರ ಬಂದು ಬಂದು ಕರೆಯುತ್ತಿದ್ದವು. ಯಾರದೋ ಮಗು ಬಿಡದೆ ಅಳುತ್ತಿದೆ, ಕಿವಿನೋವಿನ ಅಳು. ಯಾರೋ ಮೆಟ್ಟಿಲಲ್ಲಿ ನಿಂತು ನಿಂತು ಹತ್ತುತ್ತಿದ್ದಾರೆ, ಎದೆ ಸರಿಯಿಲ್ಲ. ಎಲ್ಲ ಕೇಳಿಸುತ್ತದೆ, ಯಾವುದಕ್ಕೂ ಹೋಗುವಂತಿಲ್ಲ. ಒಳ್ಳೆಯ ಕಾಲಿನಿಂದ ಗೋಡೆಯನ್ನು ಒದೆಯುತ್ತಿದ್ದಳು. ದಿನಕ್ಕೆ ಹತ್ತು ಸಲ ಕೇಳುತ್ತಿದ್ದಳು, "ಚೀಲ ಮೊಳೆಯಲ್ಲಿದೆಯಾ ನೋಡೇ."

"ಇದೆ ಅಕ್ಕ. ಅದಕ್ಕೇನು ನಿನ್ನ ಹಾಗೆ ಕಾಲಿದೆಯಾ ಓಡೋಕೆ?"

ಎಲ್ಲಕ್ಕಿಂತ ದೊಡ್ಡ ಶಿಕ್ಷೆ ಓರಗಿತ್ತಿಯ ಕೈಯಿಂದ ಮಾಡಿಸಿಕೊಳ್ಳುವುದು. ನೀರು ಬೇಕು ಅಂದರೆ ಅಡುಗೆಮನೆಯಿಂದ "ಬಂದೆ" ಅನ್ನುವ ದನಿ. ಆಮೇಲೆ ಮೌನ. ಪಾತ್ರೆ ಸರಿಸಿದ ಸದ್ದು. ಮತ್ತೆ ಮೌನ. ಕೊನೆಗೆ ಬಂದಾಗ ಕೈಯಲ್ಲಿ ನೀರಿನ ಜೊತೆ ಮಾತ್ರೆ, ಒದ್ದೆ ಬಟ್ಟೆ, ಒಗೆದ ದಿಂಬಿನ ಚೀಲ, ಎಲ್ಲವೂ ಇರುತ್ತಿತ್ತು. ಬಂದೆಕ್ಕ ಅದನ್ನೆಲ್ಲ ನೋಡದೆ ಲೋಟ ಕಸಿದುಕೊಳ್ಳುತ್ತಿದ್ದಳು.

ಒಂದು ಸಂಜೆ ಓರಗಿತ್ತಿ ಬೇಸಿನ್ನಿನಲ್ಲಿ ಬಿಸಿನೀರು ತಂದು ಮಂಚದ ಹತ್ತಿರ ಕೂತಳು. "ಕಾಲು ಕೊಡಕ್ಕ. ಧೂಳು ಕೂತಿದೆ."

ಬಂದೆಕ್ಕ ಕಾಲನ್ನು ದುಪ್ಪಟಿಯೊಳಗೆ ಎಳೆದುಕೊಂಡಳು. ಊರಿನ ಕಾಲನ್ನೆಲ್ಲ ತೊಳೆದವಳು ಅವಳು. ಹುಣ್ಣಾದ ಕಾಲು, ಬಾತ ಕಾಲು, ತಣ್ಣಗಾದ ಕಾಲು. ತನ್ನ ಕಾಲನ್ನು ಇನ್ನೊಬ್ಬರ ಕೈಗೆ ಕೊಟ್ಟವಳಲ್ಲ.

"ಬೇಡ. ನನಗೆ ಅದೆಲ್ಲ ಆಗಲ್ಲ."

"ಶಿಷ್ಯರ ಕಾಲು ತೊಳೆಯೋಕೆ ಸ್ವಾಮಿ ಬೇಸಿನ್ ಹಿಡ್ಕೊಂಡು ಬಂದಾಗ ಒಬ್ಬ ಶಿಷ್ಯನೂ ಹೀಗೇ ಅಂದಿದ್ದ. ಬೈಸಿಕೊಂಡ."

"ಅವನು ಸ್ವಾಮಿ. ನೀನು ನನ್ನ ಓರಗಿತ್ತಿ. ಹೋಗು, ನೀರು ಚೆಲ್ಲು."

ಓರಗಿತ್ತಿ ಬೇಸಿನ್ ಎತ್ತಿಕೊಂಡು ಹೋದಳು. ಮಾರನೆಯ ಸಂಜೆಯೂ ತಂದಳು. ಅದರ ಮಾರನೆಯ ಸಂಜೆಯೂ. ಬೈಸಿಕೊಂಡು, ನೀರು ಚೆಲ್ಲಿ ಬರುತ್ತಿದ್ದಳು.

ಚರ್ಚಿನ ಅಯ್ಯನವರು ನೋಡಲು ಬಂದರು. ಪ್ರಾರ್ಥನೆ ಮುಗಿಸಿ ಕಣ್ಣು ತೆರೆದರೆ ಬಂದೆಕ್ಕ ಆಗಲೇ ಅವರನ್ನೇ ನೋಡುತ್ತಿದ್ದಳು.

"ಅಯ್ಯನವರೇ, ಒಂದು ಮಾತು. ಸ್ವಾಮಿ ಬೇಗ ಬರ್ತೀನಿ ಅಂತ ಹೇಳಿ ಹೋದ. ಎಷ್ಟು ಕಾಲವಾಯ್ತು?"

"ಬಹಳ ಕಾಲ ಆಯ್ತಮ್ಮ."

"ನಮ್ಮ ಓರಗಿತ್ತಿಯ ಹಾಗೆ. ಬಂದೆ ಅಂತಾಳೆ, ಪತ್ತೆ ಇರಲ್ಲ."

ಅಯ್ಯನವರು ಅಡುಗೆಮನೆಯ ಕಡೆ ನೋಡಿ ನಕ್ಕರು. "ಹಾಗಂತ ಯಾವತ್ತಾದ್ರೂ ಬರದೇ ಉಳಿದಿದ್ದಾಳಾ?"

ಬಂದೆಕ್ಕ ಯೋಚಿಸಿದಳು. ಸುಳ್ಳು ಹೇಳುವವಳಲ್ಲ. "ಉಳಿದಿಲ್ಲ. ಕೈತುಂಬ ಏನಾದ್ರೂ ಹಿಡ್ಕೊಂಡೇ ಬರ್ತಾಳೆ. ಆದ್ರೆ ಅಷ್ಟರಲ್ಲಿ ನನ್ನ ಜೀವ ಅರ್ಧ ಹೋಗಿರುತ್ತೆ."

"ನೀವು ಸಿದ್ಧವಾಗಿರೋದನ್ನ ಕಲಿತಿದ್ದೀರಮ್ಮ. ಕಾಯೋದನ್ನ ಕಲಿತಿಲ್ಲ. ಎರಡೂ ಬೇಕಲ್ವಾ?"

"ನೀವು ಹೇಳ್ತೀರಿ. ನಿಮ್ಮ ಕಾಲು ನೆಟ್ಟಗಿದೆ," ಅಂದಳು ಬಂದೆಕ್ಕ. ಅಯ್ಯನವರು ಚಹಾಕ್ಕೆ ಕಾದರು. ಚಹಾ ಬರಲು ಎಷ್ಟು ಹೊತ್ತಾಯಿತೆಂದರೆ, ಕಾಯುವುದರ ಬಗ್ಗೆ ಅವರು ಮತ್ತೆ ಮಾತೆತ್ತಲಿಲ್ಲ.

ಅದಾದ ಸ್ವಲ್ಪ ದಿನಕ್ಕೆ, ಬೆಳಗ್ಗೆ ನೀರು ಹಿಡಿಯುವ ಹೊತ್ತಿನಲ್ಲಿ, ಮೆಟ್ಟಿಲ ಕಂಬಿ ಟಣಟಣ ಅಂದಿತು.

ಬಂದೆಕ್ಕನ ಬಾಯಿಂದ "ಬಂದೆ" ಹೊರಟೇಬಿಟ್ಟಿತು. ಒಳ್ಳೆಯ ಕಾಲು ನೆಲಕ್ಕಿಳಿಯಿತು, ಕೈ ಊರುಗೋಲಿಗೆ ಹೋಯಿತು. ಪ್ಲಾಸ್ಟರಿನ ಕಾಲು ನೆಲ ಮುಟ್ಟಿದ್ದೇ ತಡ, ನೋವು ತಲೆಗೆ ಏರಿ ಕಣ್ಣು ಕತ್ತಲೆಯಾಯಿತು. ಓರಗಿತ್ತಿ ಎರಡು ಕೈಯಿಂದ ಭುಜ ಒತ್ತಿ ಕೂರಿಸಿದಳು.

"ಕೂತ್ಕೋ. ನಾನು ಹೋಗ್ತೀನಿ."

"ನೀನಾ? ನೀನು ಮೆಟ್ಟಿಲಿಳಿಯೋದರೊಳಗೆ ಆ ಮಗು ಶಾಲೆಗೆ ಸೇರಿರುತ್ತೆ." ಬಂದೆಕ್ಕನ ಕಣ್ಣಲ್ಲಿ ನೀರು ಬಂದಿತ್ತು. ನೋವಿನದಲ್ಲ. "ನಾನು ಮಾತು ಕೊಟ್ಟಿದ್ದೀನಿ ಕಣೇ. ಕೈ ಬಿಡಲ್ಲ ಅಂದಿದ್ದೀನಿ."

ಕಂಬಿ ಮತ್ತೆ ಸದ್ದು ಮಾಡಿತು. ಈಗ ಸೌಟಿನ ಜೊತೆಗೆ ಹುಡುಗಿಯ ದನಿಯೂ ಕೇಳಿಸಿತು.

ಬೇರೆ ದಾರಿಯಿರಲಿಲ್ಲ. "ಹಾಗಾದ್ರೆ ಓಡು. ಚೀಲ ತಗೋ, ಓಡು."

ಓರಗಿತ್ತಿ ಚೀಲವನ್ನು ಮೊಳೆಯಿಂದ ಇಳಿಸಿದಳು. ಓಡಲಿಲ್ಲ. ಕುರ್ಚಿಯ ಮೇಲಿಟ್ಟು, ಬಾಯಿ ಬಿಚ್ಚಿ, ಒಂದೊಂದೇ ಸಾಮಾನು ಹೊರಗೆ ತೆಗೆಯತೊಡಗಿದಳು. ದುಪ್ಪಟಿ. ಸೋಪು. ಟವೆಲು.

"ಏನು ಮಾಡ್ತಿದ್ದೀಯಾ? ಎಲ್ಲ ರೆಡಿ ಇದೆ ಅದರಲ್ಲಿ. ನಾನೇ ಇಟ್ಟಿದ್ದೀನಿ."

"ಬಂದೆ, ಬಂದೆ," ಅಂದಳು ಓರಗಿತ್ತಿ, ಯಾರಿಗೆ ಅಂತ ಗೊತ್ತಾಗದ ಹಾಗೆ. ಎಲ್ಲ ತೆಗೆದು, ಎಲ್ಲ ಮತ್ತೆ ತುಂಬಿ, ಮೊಳೆಯಲ್ಲಿದ್ದ ತನ್ನ ಹಳೆಯ ಶಾಲನ್ನೂ ಸೇರಿಸಿ, ಚಪ್ಪಲಿ ಹುಡುಕಿ ಹೊರಟಳು. ಅವಳು ಮೆಟ್ಟಿಲಿಳಿಯುವ ಸದ್ದನ್ನು ಬಂದೆಕ್ಕ ಹಲ್ಲು ಕಚ್ಚಿಕೊಂಡು ಕೇಳಿದಳು. ಕೆಳಗೆ ಆಟೋ ಬಂದ ಸದ್ದಾಯಿತು. ಹುಡುಗಿ ಅಳುತ್ತಾ ಕೇಳಿದ್ದೂ ಕೇಳಿಸಿತು, "ದೊಡ್ಡಮ್ಮ ಬರಲ್ವಾ?" ಉತ್ತರ ಕೇಳಿಸಲಿಲ್ಲ. ಆಟೋ ಹೋಯಿತು.

ಆಗ ಕುರ್ಚಿಯ ಮೇಲೆ ಕಣ್ಣು ಬಿತ್ತು. ನಾಲ್ಕು ಮಡಿಕೆಯ ಬಿಳಿ ಬಟ್ಟೆ ಅಲ್ಲೇ ಇತ್ತು.

"ಮರೆತಳು," ಅಂದುಕೊಂಡಳು ಬಂದೆಕ್ಕ. "ತೆಗೆದು ಇಟ್ಟು ಮರೆತು ಹೋದಳು. ಇನ್ನು ಅಲ್ಲಿ ಏನೇನು ಮರೀತಾಳೋ."

ಆ ಹಗಲು ಮುಂದಕ್ಕೆ ಹೋಗಲೇ ಇಲ್ಲ. ಬಿಸಿಲು ಗೋಡೆಗೆ ಅಂಟಿಕೊಂಡಂತೆ ನಿಂತಿತ್ತು. ಲಾರಿಯ ಸದ್ದಾದರೆ ಡ್ರೈವರ್ ಬಂದನೋ ಎಂದು ಕತ್ತು ಚಾಚುವಳು. ಮೆಟ್ಟಿಲಲ್ಲಿ ಹೆಜ್ಜೆಯಾದರೆ ಸುದ್ದಿ ಬಂತೋ ಎಂದು ಉಸಿರು ಹಿಡಿಯುವಳು. ಹಾಲಿನವಳು ಬಂದು ಹೋದಳು, ಸುದ್ದಿಯಿಲ್ಲ. ಹುಡುಗಿ ಅಲ್ಲಿ ಕೈ ಚಾಚಿರುತ್ತಾಳೆ. ಓರಗಿತ್ತಿ ಎಲ್ಲೋ ಯಾವುದೋ ಬಾಗಿಲಲ್ಲಿ ಚಪ್ಪಲಿ ಬಿಡುತ್ತಿರುತ್ತಾಳೆ. "ಸ್ವಾಮಿ," ಅಂದಳು, "ಕಾಲು ಮುರಿಯೋದಿದ್ರೆ ಕೆಲಸ ಇಲ್ಲದವರ ಕಾಲು ಸಿಗಲಿಲ್ವಾ ನಿನಗೆ? ನಾನು ಬಂದೆ ಅಂತ ದಿನಾ ಹೇಳ್ತಿದ್ದೆ. ಇವತ್ತು ಏನು ಹೇಳ್ಲಿ?" ಕೆಳಗೆ ದರ್ಜಿಯ ಮಿಷನ್ನು ಕಟಕಟ ಓಡುತ್ತಲೇ ಇತ್ತು.

ಬಾಯಾರಿಕೆಯಾಯಿತು. ನೀರಿನ ಹೂಜಿ ಕಿಟಕಿಯ ಆ ಮೂಲೆಯಲ್ಲಿ. ಊರುಗೋಲಿನಿಂದ ಎಳೆದುಕೊಳ್ಳಲು ಹೋದಳು. ಊರುಗೋಲು ಕೈ ಜಾರಿ ಬಿದ್ದು, ಉರುಳಿಕೊಂಡು ಬಾಗಿಲ ತನಕ ಹೋಯಿತು. ತಾನು ಕೂಗಿದರೆ ಯಾರಾದರೂ ಬರುತ್ತಾರೆ ಅಂತ ಗೊತ್ತಿತ್ತು. ಆದರೆ ಅವಳು ಈ ಕಟ್ಟಡದಲ್ಲಿ ಕರೆಸಿಕೊಂಡವಳೇ ಹೊರತು ಕರೆದವಳಲ್ಲ. ನಾಲಿಗೆ ಒಣಗಿ ಅಂಗುಳಕ್ಕೆ ಅಂಟುವ ತನಕ ತಡೆದಳು. ಆಮೇಲೆ ಕಿಟಕಿಯ ಕಡೆ ತಿರುಗಿ, ಯಾರಿಗೂ ಕೇಳಿಸದಿರಲಿ ಅನ್ನುವ ಹಾಗೆ ಕರೆದಳು:

"ಯಾರಾದ್ರೂ ಬರ್ತೀರಾ?"

ಮಿಷನ್ನು ನಿಂತಿತು. "ಬಂದೆ," ಅಂದ ದರ್ಜಿ.

ಬಂದೂಬಿಟ್ಟ. ಕೊರಳಲ್ಲಿ ಅಳತೆಯ ಟೇಪು, ಮೈಮೇಲೆಲ್ಲ ದಾರದ ತುಂಡು. "ನಿನ್ನ ಬಾಯಲ್ಲಿ ಈ ಮಾತು ಕೇಳಿ ಸೂಜಿ ನುಂಗ್ತಿದ್ದೆ ಬಂದೆಕ್ಕ. ಏನಾಗ್ಬೇಕು?"

"ನೀರು," ಅಂದಳು, ಮುಖ ತಿರುಗಿಸಿಕೊಂಡು.

ನೀರು ಕೊಟ್ಟ, ಊರುಗೋಲು ಎತ್ತಿಕೊಟ್ಟ, ಹೂಜಿಯನ್ನು ಕೈಗೆಟಕುವಂತೆ ಇಟ್ಟ. ಹೋಗುವ ಮುಂಚೆ ಕುರ್ಚಿಯ ಮೇಲಿನ ಬಿಳಿ ಬಟ್ಟೆ ನೋಡಿ ನಿಂತ. ಅಂಚನ್ನು ಬೆರಳಿನಿಂದ ಮುಟ್ಟಿದ. "ಇದು ನಾನೇ ಹೊಲಿದುಕೊಟ್ಟಿದ್ದು. ನಮ್ಮಮ್ಮನಿಗೆ ಹೊದಿಸಿದ್ಯಲ್ಲ, ಅದರ ಜೋಡಿ."

"ಹೂಂ. ಅವಳು ತೆಗೆದಿಟ್ಟು ಮರೆತು ಹೋಗಿದ್ದಾಳೆ. ಬೆಳಗ್ಗೆ ಚೀಲಾನೆಲ್ಲ ಕೆದಕಿದಳು, ಅಷ್ಟು ಹೊತ್ತು."

ದರ್ಜಿ ಅವಳ ಮುಖ ನೋಡಿದ. "ಮರೆತಿಲ್ಲ ಬಂದೆಕ್ಕ. ಆ ಹುಡುಗಿ ಬಾಚಣಿಗೆಗೋ ಟವೆಲಿಗೋ ಚೀಲದೊಳಗೆ ಕೈ ಹಾಕಿ, ಕೈಗೆ ಇದು ಸಿಕ್ಕಿದ್ರೆ? ಹೆರೋಕೆ ಹೋದವಳಿಗೆ? ಇದು ಏನು ಅಂತ ಕಟ್ಟಡದಲ್ಲಿ ಗೊತ್ತಿಲ್ಲದವರು ಯಾರು?"

ಅವನು ಇಳಿದು ಹೋದ. ಮಿಷನ್ನು ಮತ್ತೆ ಓಡತೊಡಗಿತು. ಬಂದೆಕ್ಕ ಲೋಟವನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಎಷ್ಟು ಬಾಣಂತಿಯರ ಮಗ್ಗುಲಲ್ಲಿ ಆ ಚೀಲ ಇಟ್ಟಿದ್ದಳೋ. ಒಬ್ಬಳು ಅದನ್ನು ನೋಡಿ ಗೋಡೆಯ ಕಡೆ ತಿರುಗಿ ಮಲಗಿದ್ದು ಈಗ ನೆನಪಾಯಿತು. ನೋವಿಗೆ ತಿರುಗಿದಳು ಅಂದುಕೊಂಡಿದ್ದಳು ಆಗ. ಕೈಗೆ ಸಿಕ್ಕಿದ್ದು ಹೊತ್ತು ಓಡುವುದೇ ಗೊತ್ತಿತ್ತು. ಹೊತ್ತದ್ದರೊಳಗೆ ಏನಿದೆ ಅಂತ ನಿಂತು ನೋಡಿರಲಿಲ್ಲ.

ದೀಪ ಹಚ್ಚುವ ಹೊತ್ತಿಗೆ ಮೆಟ್ಟಿಲ ಬುಡದಲ್ಲಿ ಆ ಹೆಜ್ಜೆ ಕೇಳಿಸಿತು. ಅದನ್ನು ಯಾರಾದರೂ ಗುರುತಿಸಬಹುದಿತ್ತು. ಒಂದು ಮೆಟ್ಟಿಲು, ಉಸಿರು, ಇನ್ನೊಂದು ಮೆಟ್ಟಿಲು.

"ಏನಾಯ್ತೇ?" ಬಂದೆಕ್ಕ ಮಂಚದಿಂದಲೇ ಕೂಗಿದಳು.

"ಬಂದೆ."

ಹೆಜ್ಜೆ ದರ್ಜಿಯ ಬಾಗಿಲಲ್ಲಿ ನಿಂತಿತು. ಏನೋ ಮಾತು. ದರ್ಜಿ ಏನೋ ಅಂದ, ನಕ್ಕನೋ ನಿಟ್ಟುಸಿರು ಬಿಟ್ಟನೋ ತಿಳಿಯಲಿಲ್ಲ. ಹೆಜ್ಜೆ ಮತ್ತೆ ಹೊರಟಿತು. ಹುಡುಗಿಯ ಮನೆಯ ಮುಂದೆ ನಿಂತು ಬೀಗ ಎಳೆದು ನೋಡಿತು. ಮತ್ತೆ ಹೊರಟಿತು. ಬಂದೆಕ್ಕನ ಜೀವವೆಲ್ಲ ಕಿವಿಗೆ ಬಂದು ಕೂತಿತ್ತು. ಇನ್ನೊಮ್ಮೆ ಕೂಗಲು ಬಾಯಿ ತೆರೆದಳು, ಮುಚ್ಚಿದಳು. ಆ ಮೆಟ್ಟಿಲುಗಳು ಎಷ್ಟಿವೆಯೋ ಅಷ್ಟೇ ಇವೆ. ಕೂಗಿದರೆ ಒಂದೂ ಕಡಿಮೆಯಾಗುವುದಿಲ್ಲ.

ಓರಗಿತ್ತಿ ಒಳಗೆ ಬಂದಳು. ಚೀಲವನ್ನು ಮೊಳೆಗೆ ಹಾಕಿದಳು. ಕೈ ತೊಳೆದಳು. ಒರೆಸಿಕೊಂಡಳು.

"ಹೇಳೇ ತಾಯಿ," ಅಂದಳು ಬಂದೆಕ್ಕ, ಮೆಲ್ಲಗೆ.

"ಹೆಣ್ಣು. ಇಬ್ಬರೂ ಚೆನ್ನಾಗಿದ್ದಾರೆ. ನೋವು ನಿನ್ನೆಯಿಂದಲೇ ಇತ್ತಂತೆ, ಹೆದರಿ ಹೇಳಿರಲಿಲ್ಲ. ಈಗ ಅವಳ ಗಂಡ ಬಂದ, ಅದಕ್ಕೆ ನಾನು ಬಂದೆ." ಮಂಚದ ತುದಿಯಲ್ಲಿ ಕೂತು ಮೊಣಕಾಲು ನೀವಿಕೊಂಡಳು. "ಮೊದಮೊದಲು ನೀನಿಲ್ಲ ಅಂತ ಒಂದೇ ಅಳು. ಅಕ್ಕನೇ ಬಂದಿರೋದು ಕಣೇ, ಕಾಲು ಮಾತ್ರ ನಂದು ಅಂದೆ. ಆಮೇಲೆ ಕೈ ಹಿಡ್ಕೊಂಡ್ಲು. ಬಿಡಲೇ ಇಲ್ಲ. ಉಸಿರು ನಿಧಾನಕ್ಕೆ ಬಿಡಮ್ಮ ಅಂತ ನರ್ಸು ಹೇಳ್ತಾನೇ ಇದ್ದರು, ಅವಳಿಗೆ ಆಗ್ತಾನೇ ಇಲ್ಲ. ನನ್ನ ಹಾಗೆ ಬಿಡು ಅಂದೆ. ನಿಧಾನ ನನಗೆ ಬರುತ್ತಲ್ಲ."

ಕೈ ಚಾಚಿ ತೋರಿಸಿದಳು. ಮಣಿಕಟ್ಟಿನ ಮೇಲೆ ಹುಡುಗಿಯ ಉಗುರಿನ ಗುರುತು ಸಾಲಾಗಿ ಕೆಂಪಗಿತ್ತು. ಬಂದೆಕ್ಕ ಅದನ್ನು ನೋಡಿದಳು. ತಾನು ಕೊಟ್ಟ ಮಾತು ಆ ಕೈಯ ಮೇಲಿತ್ತು.

"ಆ ಬಟ್ಟೆ," ಅಂದಳು, ಕುರ್ಚಿಯ ಕಡೆ ಗದ್ದ ತೋರಿಸಿ.

"ಅದಕ್ಕೆ ಬೇರೆ ಚೀಲ ಮಾಡೋಣ ಅಕ್ಕ. ಹೇಳ್ಬೇಕು ಅಂತ ಎಷ್ಟೋ ದಿನದಿಂದ ಇತ್ತು. ನೀನು ನಿಂತ್ರೆ ತಾನೇ ಹೇಳೋದು."

ಬಂದೆಕ್ಕ ನಕ್ಕಳು. ಕಾಲು ಮುರಿದ ಮೇಲೆ ಮೊದಲ ಸಲ. ನಗು ನಿಲ್ಲುವ ಹೊತ್ತಿಗೆ ದುಪ್ಪಟಿಯನ್ನು ಸರಿಸಿ, ಒಳ್ಳೆಯ ಕಾಲನ್ನು ಮಂಚದಿಂದ ಕೆಳಗಿಳಿಸಿದಳು. ಹಿಮ್ಮಡಿಯ ಬಿರುಕಿನಲ್ಲಿ ಧೂಳು ಕಪ್ಪಗೆ ಕೂತಿತ್ತು.

"ನಿನಗೆ ಸುಸ್ತಾಗಿದ್ರೆ ನಾಳೆ ಆಗ್ಲಿ," ಅಂದಳು.

ಓರಗಿತ್ತಿ ಆ ಕಾಲನ್ನು ನೋಡಿದಳು. ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಅಡುಗೆಮನೆಗೆ ಹೋದಳು. ಒಲೆ ಹಚ್ಚಿದ ಸದ್ದು. ಆಮೇಲೆ ಮೌನ. ಬೇಸಿನ್ ಗೋಡೆಗೆ ತಗುಲಿದ ಸದ್ದು. ಮತ್ತೆ ಮೌನ.

"ಬಂದ್ಯಾ?"

"ಬಂದೆ."

ಬಂದೆಕ್ಕ ಕಾಲನ್ನು ಹಾಗೇ ಚಾಚಿಕೊಂಡು ಕಾದಳು. ಹೆಬ್ಬೆರಳು ಮಾತ್ರ ಸುಮ್ಮನಿರಲಾರದೆ ಅಲ್ಲಾಡುತ್ತಿತ್ತು.